ತೊಳೆದೆ, ನೋಡಲಿಲ್ಲ

2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಮಧುಮೇಹಿ. ಪವಿತ್ರ ಗುರುವಾರ ಅವರ ಪಾದ ತೊಳೆಯುವಾಗ ಅಂಗಾಲಿನ ಗಾಯ ಕಂಡೆ. “ದೊಡ್ಡಪತ್ರೆ ರಸ ಹಚ್ಚುತ್ತಿದ್ದೇನೆ, ನೋವೇ ಇಲ್ಲ ಸ್ವಾಮಿ” ಎಂದರು. ನಾನೂ ತಲೆದೂಗಿ ಮುಂದೆ ಸಾಗಿದೆ. ನರಗಳು ಮರಗಟ್ಟಿದುದರಿಂದಲೇ ನೋವಿಲ್ಲವೆಂದು ತಿಳಿದದ್ದು, ಅವರ ಬೆರಳು ಕತ್ತರಿಸಿದ ಮೇಲೆ.

ಎಲೆಗೆ ಗುಣವಿಲ್ಲವೆಂದಲ್ಲ. ದೊಡ್ಡಪತ್ರೆ, ಒಂದೆಲಗಗಳ ಸಾರದಿಂದ ತೈವಾನಿನಲ್ಲಿ ಸಿದ್ಧಪಡಿಸಿದ ಮುಲಾಮಿನ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಪಾದದ ಹುಣ್ಣಿದ್ದ 236 ಮಧುಮೇಹಿಗಳಲ್ಲಿ ಮುಲಾಮು ಹಚ್ಚಿಕೊಂಡವರ ಪೈಕಿ ನೂರಕ್ಕೆ ಸುಮಾರು 61 ಮಂದಿಗೆ 16 ವಾರಗಳಲ್ಲಿ ಪೂರ್ಣ ವಾಸಿಯಾಯಿತು. ಬರಿಯ ಪಟ್ಟಿ ಕಟ್ಟಿಸಿಕೊಂಡವರಲ್ಲಿ 35. ಆದರೆ ಅದು ಅಳತೆಯಿಟ್ಟು, ಶುದ್ಧೀಕರಿಸಿ, ವೈದ್ಯರ ಆರೈಕೆಯೊಡನೆ ಬಳಸಿದ ಔಷಧ. ಹಿತ್ತಲಲ್ಲಿ ಹಿಂಡಿದ ರಸವಲ್ಲ.

ಪ್ರಿಯರೇ, ಮನೆಯ ಹಿರಿಯರ ಪಾದಗಳನ್ನು ದಿನವೂ ನೋಡಿರಿ. ಸಣ್ಣ ಗಾಯ ಕಂಡರೂ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪಾದ ತೊಳೆದರೆ ಸಾಲದೆಂಬುದನ್ನು ನಾನು ತಡವಾಗಿ ಕಲಿತೆ.