ಹೃದಯವೂ ಗುಳಿಗೆಯೂ

ಬೃಹದಾರಣ್ಯಕೋಪನಿಷತ್ತಿನಲ್ಲಿ ‘ಹೃದಯ’ವೆಂಬ ಶಬ್ದವನ್ನು ಮೂರು ಅಕ್ಷರಗಳಾಗಿ ಬಿಡಿಸಿ ಅರ್ಥ ಹೇಳಿರುವುದುಂಟು. ಮೊದಲನೆಯದು ತರುವುದನ್ನೂ, ಎರಡನೆಯದು ಕೊಡುವುದನ್ನೂ, ಮೂರನೆಯದು ಹೋಗುವುದನ್ನೂ ಸೂಚಿಸುವುದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ವಿವರಿಸುತ್ತಿದ್ದರು. ಅಲ್ಲಿಯ ವಿಚಾರವು ಆತ್ಮಪರವಾದುದು. ಆದರೂ ದೇಹದಲ್ಲಿರುವ ಹೃದಯಕ್ಕೆ ಆ ಅರ್ಥವು ಚೆನ್ನಾಗಿಯೇ ಒಪ್ಪುತ್ತದೆ.

ವೈದ್ಯಶಾಸ್ತ್ರಜ್ಞರು ಬಹುಕಾಲದವರೆಗೆ ಹೃದಯವನ್ನು ನೆತ್ತರನ್ನು ಒತ್ತಿ ಕಳುಹಿಸುವ ಯಂತ್ರವೆಂದೇ ಎಣಿಸಿದ್ದರು. 1981ರಲ್ಲಿ ಕೆನಡಾ ದೇಶದ ಅಡಾಲ್ಫೊ ಡಿ ಬೋಲ್ಡ್ ಎಂಬವರೂ ಅವರ ಸಹೋದ್ಯೋಗಿಗಳೂ ಇಲಿಯ ಹೃತ್ಕರ್ಣದಿಂದ ತೆಗೆದ ಸಾರವನ್ನು ಬೇರೆ ಇಲಿಗಳ ರಕ್ತದಲ್ಲಿ ಸೇರಿಸಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿಯೇ ಆ ಇಲಿಗಳ ಮೂತ್ರದಲ್ಲಿ ಉಪ್ಪೂ ನೀರೂ ಹೇರಳವಾಗಿ ಹೊರಬಿದ್ದು, ರಕ್ತದೊತ್ತಡವು ಇಳಿಯಿತು. ನೆತ್ತರು ಹೆಚ್ಚಿ ಹೃತ್ಕರ್ಣದ ಗೋಡೆಯು ಹಿಗ್ಗಿದಾಗ ಹೃದಯವು ತಾನೇ ಒಂದು ಹಾರ್ಮೋನನ್ನು ಸ್ರವಿಸುತ್ತದೆ. ಅದು ಮೂತ್ರಪಿಂಡಕ್ಕೆ ಉಪ್ಪನ್ನು ಹೊರದೂಡಲು ಹೇಳುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಈ ಜಾತಿಯ ಎರಡನೆಯ ಹಾರ್ಮೋನು 1988ರಲ್ಲಿ ಜಪಾನೀ ಪಂಡಿತರಿಗೆ ದೊರೆಯಿತು.

ನಾನೂ ಕೆಲವು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ರಕ್ತದೊತ್ತಡದ ಗುಳಿಗೆಯನ್ನು ನುಂಗುವವನು. ಅಕ್ಕಿಆಲೂರಿನ ಸ್ನೇಹಿತರೊಬ್ಬರು, “ಮಾಸ್ತರರೇ, ಒತ್ತಡವು ಇಳಿದಾಯಿತಲ್ಲ, ಹೊರಗಿನ ವಸ್ತುವಿಗೆ ಶರೀರವನ್ನು ಇನ್ನೆಷ್ಟು ದಿನ ಒತ್ತೆಯಿಡುವುದು?” ಎಂದು ಕೇಳಿದರು. ಪ್ರಶ್ನೆಯು ಅಲಕ್ಷಿಸತಕ್ಕದ್ದಲ್ಲ, ಹೀಗೆಂದು ಗುಳಿಗೆಯನ್ನು ತಾವಾಗಿಯೇ ಬಿಟ್ಟು ಪಾರ್ಶ್ವವಾಯುವಿಗೆ ಗುರಿಯಾಗುವವರು ಉಂಟು.

ಗುಳಿಗೆಯು ಕೇವಲ ಹೊರಗಿನದೆಂಬ ಮಾತು ಪೂರ್ಣ ಸತ್ಯವಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಔಷಧಗಳು ಹೃದಯದ ಬಡಿತವನ್ನು ನಿಧಾನಗೊಳಿಸುವುದಲ್ಲದೆ, ಅನೇಕ ರೋಗಿಗಳ ರಕ್ತದಲ್ಲಿ ಈ ಹಾರ್ಮೋನುಗಳನ್ನು ಹೆಚ್ಚಿಸುವುದೂ ಕಂಡುಬಂದಿದೆ. ಔಷಧದ ಗುಣದಲ್ಲಿ ಹಾರ್ಮೋನಿಗೂ ಪಾಲುಂಟೆಂದು ಸಂಶೋಧಕರು ತರ್ಕಿಸುತ್ತಾರೆ. ಸಕ್ಯುಬಿಟ್ರಿಲ್ ಎಂಬ ಔಷಧದಲ್ಲಿಯಂತೂ ಇದು ಸ್ಪಷ್ಟ. ಹಾರ್ಮೋನನ್ನು ಒಡೆದುಹಾಕುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಆದರೆ ಅದೇ ಕಿಣ್ವವು ರಕ್ತನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್ನನ್ನೂ ಒಡೆಯತಕ್ಕದ್ದು. ಆದುದರಿಂದ ಆ ಬಿಗಿತವನ್ನು ನಿವಾರಿಸಲು ವಾಲ್ಸಾರ್ಟನ್ನನ್ನು ಜೊತೆಗೂಡಿಸಿರುತ್ತಾರೆ. ಈ ಜೋಡಿಯು ಮುಖ್ಯವಾಗಿ ಹೃದಯವು ದುರ್ಬಲವಾದವರಿಗೆ ಬಳಕೆಯಾಗುತ್ತಿದ್ದು, 2021ರಲ್ಲಿ ಜಪಾನಿನಲ್ಲಿ ರಕ್ತದೊತ್ತಡಕ್ಕೂ ಅನುಮತಿಯನ್ನು ಪಡೆಯಿತು. ಎನಾಲಾಪ್ರಿಲ್ ವರ್ಗದ ಗುಳಿಗೆಗಳೊಡನೆ ಇದನ್ನು ಸೇವಿಸಿದರೆ ಮುಖ, ಗಂಟಲುಗಳು ಊದಿಕೊಂಡು ಪ್ರಾಣಕ್ಕೆ ಅಪಾಯವಾದೀತು; ಯಾರಿಗೆ ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು.

ಸ್ನೇಹಿತರಿಗೆ ನಾನು ಹೇಳಿದುದು ಇಷ್ಟೇ: ಗುಳಿಗೆಯು ಕೆಲಸ ಮಾಡುತ್ತಿರುವುದರಿಂದಲೇ ಒತ್ತಡವು ಇಳಿದಿದೆ, ಒಳಗೆ ದುಡಿಯುವವನಿಗೆ ಹೊರಗಿನಿಂದ ಒಬ್ಬ ಸಹಾಯಕನು ದೊರೆತಂತೆ. ಅವನನ್ನು ಕಳುಹಿಸಿಬಿಟ್ಟರೆ ಭಾರವೆಲ್ಲ ಮತ್ತೆ ಒಳಗಿನವನ ಮೇಲೆಯೇ.

ಇನ್ನೊಂದು ಮಾತು. ಹೃದಯವು ಹೊರದೂಡಲು ಶ್ರಮಿಸುವ ಉಪ್ಪನ್ನೇ ನಾವು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ರೂಪದಲ್ಲಿ ಮತ್ತೆ ಒಳಗೆ ತುಂಬುತ್ತೇವೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮನೆಯಲ್ಲಿ ಮಾವಿನಕಾಯಿಯ ಭರಣಿಯು ಇನ್ನೂ ಅದರ ಸ್ಥಾನದಲ್ಲಿಯೇ ಇದೆ. ಎಲೆಯ ಮೇಲೆ ಬೀಳುವ ಹೋಳು ಮಾತ್ರ ಚಿಕ್ಕದಾಗಿದೆ.