ಮುಕ್ಕಾಲು ಓಟ

ಈ ಸಂಚಿಕೆಗೆ ಶಾಲೆಯ ದಿನಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ, ನಾವು ಬೇಕೆಂದೇ ಸೋತ ದಿನವೊಂದು ಎಲ್ಲಕ್ಕಿಂತ ಮೊದಲು ನೆನಪಿಗೆ ಬಂದಿತು. ಅದನ್ನೇ ಬಿನ್ನವಿಸುತ್ತೇವೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, ನಮಗೆ ತ್ರೋಬಾಲ್ ಕಲಿಸಿದ್ದ ವ್ಯಾಯಾಮದ ಉಪಾಧ್ಯಾಯಿನಿಯವರು ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮಿತವಾದವರು. ಬಂದ ವಾರವೇ ಚೆಂಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹದಿನೈದು ದಿನ ಬರಿಯ ಕಾಲಿನ ನಡೆಯನ್ನೇ ಅಭ್ಯಾಸ ಮಾಡಿಸಿದರು. ಏಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಣಿಸೇಮರದ ಕೆಳಗೆ ಬುತ್ತಿ ಬಿಚ್ಚಿದಾಗಲೆಲ್ಲ "ಹಳೆಯ ಟೀಚರ್ ಹೀಗೆ ಮಾಡುತ್ತಿರಲಿಲ್ಲ" ಎಂಬ ಮಾತು ಮಾತ್ರ ಹೊರಡುತ್ತಿತ್ತು. ಎದುರಿಗೆ ಅವಿಧೇಯತೆ ತೋರುವ ಧೈರ್ಯ ನಮಗಿರಲಿಲ್ಲ. ಓಡಿರೆಂದರೆ ಓಡಿದೆವು, ಆದರೆ ಮುಕ್ಕಾಲು ಓಟ. ಹಿಡಿಯಿರೆಂದರೆ ಕೈಚಾಚಿದೆವು, ಆದರೆ ಮನಸ್ಸಿಲ್ಲದ ಕೈ. ಅಂತರ ಶಾಲಾ ಪಂದ್ಯದ ಮೊದಲ ಆಟದಲ್ಲಿಯೇ ಸೋತೆವು. ಸೋತ ದುಃಖಕ್ಕಿಂತ, ಹೊಸಬರಿಗೆ ತಕ್ಕ ಶಾಸ್ತಿಯಾಯಿತೆಂಬ ಸಂತೋಷವೇ ನಮ್ಮಲ್ಲಿ ಹೆಚ್ಚಾಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸೆರಗಿನಂತೆ ದಾವಣಿಯನ್ನು ಮುಖಕ್ಕೆ ಹಿಡಿದು ಅಳುತ್ತಿದ್ದಳು. ಆಕೆ ಅದೇ ವರ್ಷ ತಂಡಕ್ಕೆ ಸೇರಿದವಳು, ನಮ್ಮ ಗುಟ್ಟನ್ನರಿಯದವಳು. ತನ್ನ ಕೈಯಿಂದ ಜಾರಿದ ಎರಡು ಚೆಂಡುಗಳಿಂದಲೇ ಶಾಲೆಗೆ ಸೋಲಾಯಿತೆಂದು ನಂಬಿದ್ದಳು. ಅಲ್ಲವೆಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ತಪ್ಪನ್ನೂ ಹೇಳಬೇಕಾಗುತ್ತಿತ್ತು.

ಮರುದಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಮೈದಾನಕ್ಕೆ ಹೋದಾಗ, ಉಪಾಧ್ಯಾಯಿನಿಯವರು ತಾವೇ ಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ನಮ್ಮನ್ನು ಕರೆದು, "ಕಾಲು ಹೀಗೇಕೆ ಇಡಬೇಕೆಂದು ಹೇಳದೆ ಹೋದದ್ದು ನನ್ನ ತಪ್ಪು, ಕೇಳದೆ ಹೋದದ್ದು ನಿಮ್ಮ ತಪ್ಪು" ಎಂದರು. ಬಳಿಕ ಚೆಂಡನ್ನು ಹೊರತೆಗೆದು ತೋರಿಸಿದರು. ಹಿಡಿದ ಚೆಂಡನ್ನು ಮೂರು ಸೆಕೆಂಡುಗಳೊಳಗೆ ಎಸೆಯಬೇಕಷ್ಟೆ. ಹಿಡಿಯುವಾಗಲೇ ಕಾಲು ನೆಲೆಗೊಂಡಿರದಿದ್ದರೆ ಎಸೆತಕ್ಕೆ ಬಲವೆಲ್ಲಿಯದು? ಹದಿನೈದು ದಿನಗಳ ಬೇಸರದ ಅರ್ಥ ಐದು ನಿಮಿಷದಲ್ಲಿ ತಿಳಿಯಿತು.

ಅಮೆರಿಕದ ಕಾಲೇಜು ಫುಟ್‌ಬಾಲಿನ ವೃತ್ತಾಂತವೊಂದನ್ನು ಓದುವಾಗ ಇದೆಲ್ಲ ಕಣ್ಣಿಗೆ ಕಟ್ಟಿತು. ಅಲ್ಲಿಯದು ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ನೂಕಿ ಮುನ್ನುಗ್ಗುವ ಆಟ. 1954ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಪಾಲ್ ಬ್ರಯಂಟ್ ಎಂಬವರು ಹೊಸ ಶಿಕ್ಷಕರಾಗಿ ಬಂದರು. ಸೆಪ್ಟೆಂಬರಿನಲ್ಲಿ ಆಟಗಾರರನ್ನು ಬಸ್ಸುಗಳಲ್ಲಿ ಜಂಕ್ಷನ್ ಎಂಬ ಚಿಕ್ಕ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಿನಲ್ಲಿ, ಅಭ್ಯಾಸದ ನಡುವೆ ನೀರನ್ನೂ ಕೊಡದೆ, ಸುಮಾರು 10 ದಿನ ದುಡಿಸಿದರು. ಅನೇಕರು ಬಿಟ್ಟು ಹೋದರು; ಕಡೆಗೆ ಉಳಿದವರು ಸುಮಾರು 35 ಮಂದಿ. ಆ ವರ್ಷ 10 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 1956ರಲ್ಲಾದರೋ ಅದೇ ಕಾಲೇಜು ಒಂದನ್ನೂ ಸೋಲದೆ ತನ್ನ ವಲಯದಲ್ಲಿ ಮೊದಲನೆಯದಾಯಿತು. ಕಾಠಿಣ್ಯವೇ ಆ ಗೆಲುವಿನ ಬೀಜವೆಂದು ಹೇಳುವವರುಂಟು. ಆದರೆ ಆ ತಂಡದ ಹೆಸರಾಂತ ಆಟಗಾರರೂ, 1957ರಲ್ಲಿ ಹೈಸ್ಮನ್ ಪಾರಿತೋಷಕ ಪಡೆದವರೂ ಆದ ಜಾನ್ ಡೇವಿಡ್ ಕ್ರೋ ಜಂಕ್ಷನ್ನಿಗೆ ಹೋದವರೇ ಅಲ್ಲ; ಆಗ ಅವರು ಮೊದಲ ವರ್ಷದ ವಿದ್ಯಾರ್ಥಿ. ಭಯದಿಂದ ಆಟಗಾರರನ್ನು ಸೋಸಬಹುದು. ಅವರ ಮನಸ್ಸನ್ನು ಗೆಲ್ಲಲು ಬೇರೆ ಏನೋ ಬೇಕು. ಬಿಸಿಲಿನಲ್ಲಿ ನೀರು ಕೊಡದಿರುವುದು ಪ್ರಾಣಕ್ಕೇ ಅಪಾಯವೆಂದು ಇಂದು ಎಲ್ಲರೂ ಬಲ್ಲರು.

ನಮ್ಮ ಉಪಾಧ್ಯಾಯಿನಿಯವರು ಅಂಥ ಕಷ್ಟವನ್ನೇನೂ ಕೊಟ್ಟವರಲ್ಲ. ಆದರೂ ನಾವು ಅವರನ್ನು ಕಠಿಣರೆಂದೇ ದೂರಿದೆವು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ಬೈಬಲ್ ಪಾಠದಲ್ಲಿ ಎಷ್ಟು ಸಲ ಕೇಳಿದ್ದೆವು! ಅವನೂ ಯಜಮಾನನ ಕಾಠಿಣ್ಯವನ್ನೇ ನೆಪವಾಗಿ ಹೇಳಿದವನಲ್ಲವೆ? ಯಜಮಾನನಿಗೆ ಹೆದರಿ ಹೂತದ್ದು ತನಗೆ ಒಪ್ಪಿಸಿದ್ದನ್ನೇ ಎಂಬುದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಮರುವರ್ಷ ಗೆದ್ದಿರೋ ಎಂದು ಕೇಳುವಿರಿ. ಅಂತಿಮ ಪಂದ್ಯದವರೆಗೆ ಹೋಗಿ ಎರಡು ಅಂಕಗಳಿಂದ ಸೋತೆವು. ಆ ದಿನ ಬಸ್ಸಿನಲ್ಲಿ ಎಲ್ಲರೂ ಅತ್ತೆವು. ಆ ಅಳುವಿನಲ್ಲಿ ನಾಚಿಕೆಯಿರಲಿಲ್ಲ.

ತಾಯಿತಂದೆಯರಲ್ಲಿ ನಮ್ಮದೊಂದು ಬಿನ್ನಹ. ಹೊಸ ಉಪಾಧ್ಯಾಯಿನಿಯ ಮೇಲೆ ದೂರು ಹೊತ್ತು ಮಗಳು ಮನೆಗೆ ಬಂದರೆ, ಕೂಡಲೆ ಹೌದೆನ್ನಬೇಡಿರಿ, ಗದರಿಸಲೂ ಬೇಡಿರಿ. ಏಕೆಂದು ಅವರನ್ನೇ ವಿನಯದಿಂದ ಕೇಳಿ ಬಾ ಎಂದು ಕಳುಹಿಸಿರಿ.

ಅಂದು ಅಳುತ್ತಿದ್ದ ತಂಗಿಯ ಕೈಗೂ ಈ ಸಂಚಿಕೆ ಸೇರೀತು. ಆಕೆಗೆ ತಡವಾಗಿ ಹೇಳುತ್ತಿದ್ದೇವೆ: ಅಮ್ಮಾ, ನಿನ್ನ ಆ ಎರಡು ಚೆಂಡುಗಳಿಂದ ನಾವು ಸೋಲಲಿಲ್ಲ. ಕ್ಷಮಿಸು.