ಟಪಾಲು ಪೆಟ್ಟಿಗೆ

ಮೈಸೂರಿನ ಸರಸ್ವತೀಪುರದಲ್ಲಿ ನಾನು ಬಾಡಿಗೆಗಿರುವ ಕಟ್ಟಡದಲ್ಲಿ ಆರು ಮನೆಗಳು; ಕೆಳಗೆ ಎರಡು, ನಡುವೆ ಎರಡು, ಮೇಲೆ ಎರಡು. ಕಳೆದ ಫೆಬ್ರವರಿಯವರೆಗೆ ಆರೂ ಮನೆಗಳ ಟಪಾಲಿಗೆ ಇದ್ದುದು ಒಂದೇ ತಂಗುದಾಣ. ಮೆಟ್ಟಿಲ ಬುಡದಲ್ಲಿ ಕರೆಂಟು ಮೀಟರುಗಳನ್ನು ಕೂರಿಸಿದ ಹಲಗೆಯ ಸಂದಿಯಲ್ಲಿ ಅಂಚೆಯಣ್ಣ ಕಾಗದಗಳನ್ನು ಸಿಕ್ಕಿಸಿ ಹೋಗುತ್ತಿದ್ದ. ಕರೆಂಟು ಬಿಲ್ಲು, ವಿಮೆಯ ನೋಟೀಸು, ಮದುವೆಯ ಕರೆಯೋಲೆ ಎಲ್ಲವೂ ಅಲ್ಲಿ ಭೇದಭಾವವಿಲ್ಲದೆ ಕೂಡಿ ಬಾಳುತ್ತಿದ್ದವು. ಮೊದಲು ಇಳಿದು ಬಂದವರು ಎಲ್ಲವನ್ನೂ ಸೆಳೆದುಕೊಂಡು, ತಮ್ಮದನ್ನು ಆರಿಸಿ, ಮಿಕ್ಕದ್ದನ್ನು ಮತ್ತೆ ಅಲ್ಲೇ ತುರುಕುವುದು ಪದ್ಧತಿ.

ಕಾಗದ ಬರೆಯುವವರೇ ಇಲ್ಲದ ಕಾಲದಲ್ಲಿ ಪೆಟ್ಟಿಗೆಯ ಮಾತೇಕೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ.

ಜನವರಿಯಲ್ಲಿ ಕೆಳಗಿನ ಮನೆಯ ಅಜ್ಜಿ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಬಾಡಿಗೆ ತಡಮಾಡಿದರು. ವಿಚಾರಿಸಿದಾಗ ಸಂಗತಿ ಹೊರಬಿತ್ತು. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಬರೆದುಕೊಡಬೇಕಷ್ಟೆ. ಮಂಡಿನೋವಿನ ಅಜ್ಜಿ ಬ್ಯಾಂಕಿಗೆ ಹೋಗಿರಲಿಲ್ಲ. ಡಿಸೆಂಬರಿನಿಂದ ಪಿಂಚಣಿ ನಿಂತಿತ್ತು. ಎರಡು ತಿಂಗಳು ಅವರು ಯಾರಿಗೂ ಬಾಯಿಬಿಡದೆ ಹಾಲನ್ನು ಅರ್ಧ ಲೀಟರಿನಿಂದ ಕಾಲಿಗೆ ಇಳಿಸಿಕೊಂಡು ಕಾಲ ನೂಕಿದ್ದರು. ಬ್ಯಾಂಕಿನವರು, “ನಡೆಯಲಾಗದವರ ಮನೆಗೇ ನಾವು ಬರುತ್ತೇವೆಂದು ಕಾಗದ ಹಾಕಿದ್ದೆವಲ್ಲ” ಎಂದರಂತೆ. ಅಂಥ ಕಾಗದವನ್ನು ಅಜ್ಜಿ ಕಂಡಿರಲಿಲ್ಲ. ಮನೆಯ ಯಜಮಾನರು ಅಂಚೆಯಣ್ಣನನ್ನು ಗೇಟಿನಲ್ಲೇ ತಡೆದು ಚೆನ್ನಾಗಿ ಬೈದರು. ನಾನು ಪಕ್ಕದಲ್ಲಿ ನಿಂತು ತಲೆದೂಗಿದೆ.

ಆಮೇಲೆ ಅವರು ನನ್ನತ್ತ ತಿರುಗಿದರು. “ಮೇಷ್ಟ್ರೇ, ಹೆಚ್ಚು ಟಪಾಲು ಬರೋದು ನಿಮಗೇ. ಪೆಟ್ಟಿಗೆ ಎಂಥದು ಅಂತ ನೀವೇ ನೋಡಿಬಿಡಿ. ಒಂದು ದೊಡ್ಡದು ಸಾಕು, ಬೀಗದ ಕೈ ಮೊಳೆಗೆ ತಗಲುಹಾಕಿದರಾಯಿತು.”

ನನಗೂ ಒಂದೇ ಪೆಟ್ಟಿಗೆ ಹಿಡಿಸಿತು. ವಠಾರದ ಬಾಳಿನ ಸೊಗಸು, ಒಬ್ಬರ ಕಾಗದ ಇನ್ನೊಬ್ಬರ ಕೈಹಾಯ್ದು ಬರುವುದರಲ್ಲಿನ ಆತ್ಮೀಯತೆ, ಇವನ್ನು ಕುರಿತು ಮೆಟ್ಟಿಲ ಮೇಲೆಯೇ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಹಂಸ ಎಂಬುದರ ತದ್ಭವವೂ ಅಂಚೆಯೇ, ನಳನ ಮಾತನ್ನು ದಮಯಂತಿಗೆ ಒಯ್ದದ್ದೂ ಹಂಸವೇ ಎಂದೆಲ್ಲ ಹೇಳಿದೆ. ಮೇಲಿನ ಮನೆಯ ಹುಡುಗಿಯರಿಬ್ಬರು ನಕ್ಕರು. ಅವರಲ್ಲೊಬ್ಬಳು ಮಾತ್ರ, “ಸಾರ್, ನಮ್ಮ ಬ್ಯಾಂಕಿನ ಲಕೋಟೆ ಯಾರ ಕೈಹಾಯ್ದೂ ಬರೋದು ಬೇಡ” ಎಂದಳು. ಈಗಿನವರಿಗೆ ನೆರೆಹೊರೆಯೆಂದರೆ ಆಗದು ಎಂದುಕೊಂಡೆ.

ಪೆಟ್ಟಿಗೆಯ ಬಾಯಿ ಎಷ್ಟು ಅಗಲವಿರಬೇಕೆಂದು ಅಳೆಯಲು ಮನೆಗೆ ಬಂದು, ಟೇಬಲ್ಲಿನ ಕೆಳಗಿನ ರಾಶಿಯಿಂದ ಎಲ್ಲಕ್ಕಿಂತ ದಪ್ಪನಾದ ಮಾಸಪತ್ರಿಕೆಯೊಂದನ್ನು ಎಳೆದೆ. ನವೆಂಬರಿನ ಸಂಚಿಕೆ, ಸುತ್ತಿದ ಪಟ್ಟಿಯನ್ನೂ ಬಿಚ್ಚಿರಲಿಲ್ಲ. ಕನ್ನಡ ಮೇಷ್ಟರ ಮನೆಯಲ್ಲಿ ಹೀಗೆ ಬಿಚ್ಚದ ಪತ್ರಿಕೆಗಳಿರುವುದು ಹೊರಗೆ ಹೇಳುವ ಮಾತಲ್ಲ. ಪಟ್ಟಿ ಬಿಚ್ಚಿದೊಡನೆ ಮಡಿಕೆಯೊಳಗಿಂದ ಒಂದು ಉದ್ದನೆಯ ಲಕೋಟೆ ಜಾರಿ ಕಾಲಮೇಲೆ ಬಿತ್ತು. ಮೇಲೆ ಅಜ್ಜಿಯ ಹೆಸರಿತ್ತು.

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದರ ಆರು ಅಂಕಿಗಳು ದೇಶದ ಯಾವ ಮೂಲೆಯ ಕಾಗದವನ್ನಾದರೂ ನಮ್ಮ ಬಡಾವಣೆಯ ಅಂಚೆ ಕಚೇರಿಗೆ ತಂದು ನಿಲ್ಲಿಸುತ್ತವೆ. ಅಲ್ಲಿಂದ ಅಂಚೆಯಣ್ಣ ಬಿಸಿಲಿನಲ್ಲಿ ತಂದು ಹಲಗೆಗೂ ಸಿಕ್ಕಿಸಿದ್ದ. ಹಲಗೆಯಿಂದ ಅಜ್ಜಿಯ ಬಾಗಿಲಿಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ಕಾಗದವನ್ನು ಅಪಹರಿಸಿದವನು ನಾನು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಲಕೋಟೆ ಹಿಡಿದು ಕೆಳಗಿಳಿದೆ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಈಗ ಬಂತಾ?” ಎಂದರು. “ಇಲ್ಲಮ್ಮ, ನವೆಂಬರಿನಲ್ಲೇ ಬಂದಿತ್ತು. ನನ್ನ ಪತ್ರಿಕೆಯೊಳಗೆ ಸೇರಿಕೊಂಡಿತ್ತು. ನಾನು ನೋಡಲಿಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಪಾಪ, ಆ ಅಂಚೆಯವನನ್ನು ಬೈದರಲ್ಲ” ಎಂದರು. ನನ್ನನ್ನೇ ಬೈದಿದ್ದರೆ ಮೇಲಾಗಿತ್ತು.

ಅಂದೇ ಶಿವರಾಂಪೇಟೆಗೆ ಹೋದೆ. ಮರದ ಪೆಟ್ಟಿಗೆ ನೋಡಲು ಲಕ್ಷಣವಾಗಿತ್ತು. ಆದರೆ ಮಳೆಗಾಲದಲ್ಲಿ ಉಬ್ಬಿ ಬಾಗಿಲು ಹಿಡಿದುಕೊಳ್ಳುತ್ತದೆ, ಗೆದ್ದಲಿನ ಭಯ ಬೇರೆ. ತೆಳು ತಗಡಿನದು ಅಂಚಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಕೊನೆಗೆ ಬಣ್ಣ ಸುಟ್ಟ ಉಕ್ಕಿನವು, ಆರು ಬೇರೆಬೇರೆ ಪೆಟ್ಟಿಗೆ, ಒಂದೊಂದಕ್ಕೂ ಬೇರೆ ಬೀಗ, ಎರಡೆರಡು ಕೈ. ಪತ್ರಿಕೆ ಮಡಿಸದೆ ಹಿಡಿಸುವಷ್ಟು ಅಗಲದ ಬಾಯಿ, ಆದರೆ ಕೈ ತೂರದಷ್ಟು ಕಿರಿದು. ಇರಚಲು ನುಗ್ಗದಂತೆ ಮೇಲಿನಿಂದ ಇಳಿಬಿದ್ದ ರೆಪ್ಪೆ. ಯಜಮಾನರು ಬೆಲೆ ಕೇಳಿ ಹೌಹಾರಿದರು. “ನೀವೇ ಅಲ್ಲವೇ ಒಂದೇ ಸಾಕು ಅಂದದ್ದು?” ಮನಸ್ಸು ಬದಲಾಯಿಸಿತು ಎಂದೆ, ಅರ್ಧ ಹಣ ನಾನು ಹಾಕುತ್ತೇನೆ ಎಂದಮೇಲೆ ಒಪ್ಪಿದರು. ಕಾರಣ ಅವರಿಗೆ ಇಂದಿಗೂ ತಿಳಿಯದು. ಅವರು ಈ ಪುರವಣಿ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಎರಡನೆಯ ಕೈಗಳು ತಮ್ಮ ಬಳಿಯೇ ಇರಲೆಂದು ಅವರು ಹಟ ಹಿಡಿದಾಗ ಹುಡುಗಿಯರ ಪಕ್ಷ ವಹಿಸಿ ವಾದಿಸಿದವನೂ ನಾನೇ.

ಅಂಚೆಯಣ್ಣನನ್ನು ಒಂದು ಕಾಫಿಗೆ ಕರೆದು ತಪ್ಪೊಪ್ಪಿಕೊಂಡೆ. “ಬಿಡಿ ಸಾರ್” ಎಂದು, ಪೆಟ್ಟಿಗೆಗಳನ್ನು ಗೇಟಿನ ಹತ್ತಿರ ಹಾಕಿಸಿ ಎಂದಷ್ಟೇ ಹೇಳಿದ. ನನಗೆ ಕನ್ನಡದ ಅಂಕಿಗಳನ್ನು ಬರೆಸುವ ಆಸೆಯಿತ್ತು. ಕೊರಿಯರ್ ಹುಡುಗರಿಗೆ ತಿಳಿಯುವುದಿಲ್ಲವೆಂದು ಅವನೇ ಎಚ್ಚರಿಸಿದ. ಈಗ ಎರಡೂ ಇವೆ. ಹುಡುಗಿಯರು ಹೆಸರು ಬೇಡ, ಸಂಖ್ಯೆ ಸಾಕು ಎಂದರು. ಅಜ್ಜಿಗೆ ಮಾತ್ರ ಹೆಸರು ಬೇಕು. ಅದೂ ತಮ್ಮದಲ್ಲ, ಹೋಗಿ ಒಂಬತ್ತು ವರ್ಷವಾದ ಯಜಮಾನರದು. “ಅವರ ಹೆಸರಿಗೆ ಇನ್ನೂ ಬರುತ್ತೆ ಮೇಷ್ಟ್ರೇ. ವಾಪಸು ಹೋಗಬಾರದಲ್ಲ.” ಬಗ್ಗದೆ ಎಟುಕಲೆಂದು ಅವರ ಪೆಟ್ಟಿಗೆಯನ್ನು ನಡುಸಾಲಿನಲ್ಲಿ ಹಾಕಿಸಿ, ಇಬ್ಬರ ಹೆಸರನ್ನೂ ಬರೆಸಿದೆ.

ಬೀಗದ ಕೈಗಳನ್ನು ಹಂಚಿದ ಸಂಜೆ ಅಜ್ಜಿ ಮೆಟ್ಟಿಲ ಬಳಿ ಕಾದಿದ್ದರು. ಎರಡರಲ್ಲಿ ಒಂದು ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಆ ಸಣ್ಣ ತೂತು ನನಗೆ ಕಾಣಿಸೋದಿಲ್ಲ. ಕಾಲೇಜಿನಿಂದ ಬರೋವಾಗ ನೀವೇ ತೆಗೆದು ನೋಡಿ” ಎಂದರು.

ದಿನವೂ ಮೊದಲು ಅವರದನ್ನು ತೆರೆಯುತ್ತೇನೆ, ಆಮೇಲೆ ನನ್ನದು. ಹೆಚ್ಚಿನ ದಿನ ಎರಡೂ ಖಾಲಿ. ನಿನ್ನೆ ಅವರದರಲ್ಲಿ ಅರಿಸಿನ ಹಚ್ಚಿದ ಒಂದು ಮದುವೆಯ ಕರೆಯೋಲೆ ಇತ್ತು, ಅವರ ಯಜಮಾನರ ಹೆಸರಿಗೆ.